ಬನಿಯನ್ ಊರಿನ ಬಂಧುಬಳಗ

ಚಾಮರಾಜನಗರದ ಕಡೆಯಿಂದ ದಿಂಬಂ ಘಾಟಿ ಇಳಿದು, ಸತ್ಯಮಂಗಲ ದಾಟಿ ದಕ್ಷಿಣಕ್ಕೆ ಸಾಗಿದರೆ ಸಿಗುವ ತಿರುಪ್ಪೂರು ಬನಿಯನ್, ಟೀ ಶರ್ಟ್‌ಗಳ ಊರು. ದೇಶದಿಂದ ರಫ್ತಾಗುವ ಹೆಣಿಗೆ ಉಡುಪುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲಿನವು. ಅವುಗಳ ಮೌಲ್ಯ ವರ್ಷಕ್ಕೆ 30,000 ಕೋಟಿ ರೂಪಾಯಿಯನ್ನು ಮೀರಿದೆ. ಇಷ್ಟು ದೊಡ್ಡ ವಹಿವಾಟನ್ನು ನಡೆಸುತ್ತಿರುವುದು ಒಂದೆರಡು ಬೃಹತ್ ಕಂಪನಿಗಳಲ್ಲ, ಸಾವಿರಾರು ಸಣ್ಣ ಮತ್ತು ಮಧ್ಯಮ ಘಟಕಗಳು. ನೂಲು ಒಂದು ಕಡೆ ಬಟ್ಟೆಯಾಗುತ್ತದೆ, ಇನ್ನೊಂದು ಕಡೆ ಬಣ್ಣ ಪಡೆಯುತ್ತದೆ. ಕಟಿಂಗ್, ಹೊಲಿಗೆ, ಪ್ರಿಂಟಿಂಗ್, ಎಂಬ್ರಾಯ್ಡರಿ, ಇಸ್ತ್ರಿ ಹೀಗೆ ಮುಂದಿನ ಕೆಲಸಗಳೂ ಹಲವರ ಕೈಯಲ್ಲಿ ಹಂಚಿಹೋಗಿವೆ. ಇವುಗಳಲ್ಲಿ ಬಹುಪಾಲು ಜಾಬ್ ವರ್ಕ್. ಹಣ ಬರುವುದು ಎಷ್ಟೋ ದಿನಗಳ ನಂತರ. ಡೈಯಿಂಗ್‌ನವನು ಎರಡು ದಿನ ತಡಮಾಡಿದರೂ ಹಡಗು ತಪ್ಪುತ್ತದೆ, ನಷ್ಟ ರಫ್ತುದಾರನ ತಲೆಗೆ ಬರುತ್ತದೆ. ಪ್ರತಿ ಹಂತಕ್ಕೂ ಕರಾರುಪತ್ರ ಬರೆದು, ತಪ್ಪಿದವರನ್ನು ಕೋರ್ಟಿಗೆಳೆಯುತ್ತ ಕೂತರೆ ಈ ಉದ್ಯಮ ಒಂದು ಸೀಸನ್ ಕೂಡ ನಡೆಯದು. ಕರಾರಿನ ಜಾಗದಲ್ಲಿ ಇಲ್ಲಿ ಬಹುಕಾಲ ಕೆಲಸ ಮಾಡಿದ್ದು ನೆಂಟಸ್ತನ.

ತಿರುಪ್ಪೂರಿಗೆ ಹೆಣಿಗೆ ಯಂತ್ರಗಳು ಬಂದದ್ದು 1920ರ ದಶಕದಲ್ಲಿ. ಮುಂದಿನ ಅರ್ಧ ಶತಮಾನ ಊರು ದೇಶದ ಮಾರುಕಟ್ಟೆಗೆ ಬಿಳಿ ಬನಿಯನ್ ಹೆಣೆಯಿತು. ಮೊದಲ ಒಡೆಯರಲ್ಲಿ ಬೇರೆ ಬೇರೆ ಸಮುದಾಯದವರಿದ್ದರು. ಸುತ್ತಲಿನ ಕೊಂಗು ನಾಡಿನ ಒಕ್ಕಲು ಸಮುದಾಯವಾದ ಗೌಂಡರ್‌ಗಳಲ್ಲಿ ಅನೇಕರು ಕಾರ್ಖಾನೆಗೆ ಬಂದದ್ದು ಕೂಲಿಗಳಾಗಿ. ಯಂತ್ರದ ಮುಂದೆ ನಿಂತು ಕಸುಬು ಕಲಿತರು, ಪಾಲುದಾರರಾದರು, ಕೊನೆಗೆ ಒಡೆಯರಾದರು. ಈ ಪಯಣವನ್ನು ದಾಖಲಿಸಿದ ಸಂಶೋಧಕ ಶರದ್ ಚಾರಿ 2004ರಲ್ಲಿ ಪ್ರಕಟವಾದ ತಮ್ಮ ಅಧ್ಯಯನಕ್ಕೆ ಸೋದರ ಬಂಡವಾಳ ಎಂಬ ಅರ್ಥದ ಹೆಸರಿಟ್ಟರು. 1970ರ ದಶಕದ ಕೊನೆಗೆ ರಫ್ತು ಆರಂಭವಾಗಿ, 80ರ ದಶಕದಲ್ಲಿ ಯುರೋಪಿನ ಬೇಡಿಕೆ ಏರಿದಾಗ ಉದ್ಯಮದ ಚುಕ್ಕಾಣಿ ಬಹುಮಟ್ಟಿಗೆ ಗೌಂಡರ್‌ಗಳ ಕೈಯಲ್ಲಿತ್ತು.

ಬೇಸಾಯದ ಉಳಿತಾಯ ಕಾರ್ಖಾನೆಗೆ ಹರಿದದ್ದು ಹೆಚ್ಚಾಗಿ ಬಳಗದ ದಾರಿಯಲ್ಲೇ. ದಾಯಾದಿಯೊಬ್ಬ ಶೆಡ್ ಕೊಡುತ್ತಾನೆ, ಬೀಗರು ಕೈಸಾಲ ಕೊಡುತ್ತಾರೆ, ಪರಿಚಯದ ನೂಲಿನ ವ್ಯಾಪಾರಿ ಉದ್ದರಿಗೆ ಒಪ್ಪುತ್ತಾನೆ. ಇಲ್ಲಿ ಅಡಮಾನವೆಂದರೆ ಮನೆತನದ ಹೆಸರು. ಸಾಲ ಮುಳುಗಿಸಿದವನ ಸುದ್ದಿ ಮದುವೆ ಮನೆಯನ್ನೂ ಕುಲದೇವರ ಜಾತ್ರೆಯನ್ನೂ ಮುಟ್ಟುತ್ತದೆ. ಮುಂದೆ ಅವನಿಗೆ ನೂಲೂ ಹುಟ್ಟದು, ಮಗಳಿಗೆ ಗಂಡೂ ಸಿಗದು. ಬ್ಯಾಂಕಿನ ನೋಟಿಸಿಗೆ ಇಲ್ಲದ ಬಲ ಈ ಭಯಕ್ಕೆ ಇರುತ್ತದೆ.

ಆದರೆ ನೆಂಟಸ್ತನದ ಹಣ ಸೇರಬೇಕಾದ ಕೈಯನ್ನೇ ಸೇರುತ್ತದೆಯೆ? ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ ಮತ್ತು ಕೈವನ್ ಮುನ್ಶಿ 2004ರಲ್ಲಿ ಪ್ರಕಟಿಸಿದ ಪ್ರಬಂಧ ಈ ಪ್ರಶ್ನೆಯನ್ನು ತಿರುಪ್ಪೂರಿನಲ್ಲೇ ಇಟ್ಟು ನೋಡಿತು. ಗೌಂಡರ್ ರಫ್ತುದಾರರು ಹೆಚ್ಚು ಬಂಡವಾಳದೊಂದಿಗೆ ಶುರುಮಾಡುತ್ತಿದ್ದರು. ಹೊರಗಿನಿಂದ ಬಂದವರು ಕಡಿಮೆ ಬಂಡವಾಳದೊಂದಿಗೆ. ಆದರೂ ಹೊರಗಿನವರ ವಹಿವಾಟು ಬೇಗ ಬೆಳೆದು, ಕೆಲವು ವರ್ಷಗಳಲ್ಲಿ ಗೌಂಡರ್‌ಗಳನ್ನು ಹಿಂದಿಕ್ಕುತ್ತಿತ್ತು. ಅಂದರೆ, ಹಣ ಅತ್ಯಂತ ಸಮರ್ಥರನ್ನು ಹುಡುಕಿಕೊಂಡು ಹೋಗಲಿಲ್ಲ. ಹಣವಂತರು ತಮ್ಮವರನ್ನು ಬಿಟ್ಟು ಹೊರಗೆ ಕೊಡಲು ಹಿಂಜರಿದದ್ದರಿಂದ ತಮ್ಮವರಿಗೆ ಅದು ಅಗ್ಗವಾಯಿತು, ಹೊರಗಿನವರಿಗೆ ತುಟ್ಟಿಯಾಯಿತು. ಬಳಗದ ನಂಬಿಕೆಯನ್ನು ಬರೀ ಸದ್ಗುಣವೆಂದು ಹೊಗಳುವವರು ಓದಲೇಬೇಕಾದ ಪ್ರಬಂಧವಿದು. ಒಳಗಿರುವವರಿಗೆ ಆಸರೆಯಾದ ಬೇಲಿ ಹೊರಗೆ ನಿಂತವರಿಗೆ ಅಡ್ಡಿಯಾಗಿತ್ತು.

ಬಳಗದ ಇನ್ನೊಂದು ಮಿತಿಯನ್ನು ತಿರುಪ್ಪೂರಿನ ನೊಯ್ಯಲ್ ನದಿ ತೋರಿಸಿತು. ಡೈಯಿಂಗ್ ಘಟಕಗಳ ಉಪ್ಪು, ಬಣ್ಣದ ನೀರು ದಶಕಗಳ ಕಾಲ ಈ ನದಿಗೆ ಹರಿಯಿತು. ನೀರಾವರಿಗೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟೆ ತ್ಯಾಜ್ಯದ ಮಡುವಾಯಿತು, ಕೆಳಹರಿವಿನ ರೈತರ ಹೊಲ, ಬಾವಿಗಳು ಕೆಟ್ಟವು. ಸಾಲ ತೀರಿಸದವನನ್ನು ದೂರವಿಡಬಲ್ಲ ಬಳಗಕ್ಕೆ ನದಿ ಕೆಡಿಸಿದವನನ್ನು ತಡೆಯಲಾಗಲಿಲ್ಲ. ಆ ತಪ್ಪಿನಿಂದ ಉದ್ಯಮದೊಳಗಿನವರಿಗೆ ನಷ್ಟವಿರಲಿಲ್ಲ, ಲಾಭವಿತ್ತು. ರೈತರು ನ್ಯಾಯಾಲಯಕ್ಕೆ ಹೋದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ 700ಕ್ಕೂ ಹೆಚ್ಚು ಘಟಕಗಳನ್ನು ಮುಚ್ಚಿಸಿತು. ಹೊರಗೆ ಹನಿಯನ್ನೂ ಬಿಡದೆ ನೀರನ್ನು ಶುದ್ಧೀಕರಿಸಿ ಮತ್ತೆ ಬಳಸುವ ಸಾಮೂಹಿಕ ಘಟಕಗಳಿಗೆ ಊರು ಹೊಂದಿಕೊಳ್ಳಬೇಕಾಯಿತು. ಅಂಥ ಘಟಕದ ವೆಚ್ಚ ಒಂದು ಕುಟುಂಬದ ಕೈಗೆಟುಕದು. ಡೈಯಿಂಗ್‌ನವರು ಒಟ್ಟಾಗಿ ಹಣ ಹೂಡಬೇಕು, ಬ್ಯಾಂಕು, ಸರ್ಕಾರಗಳ ನೆರವೂ ಬೇಕು. ಇಲ್ಲಿ ನೆರವಿಗೆ ಬರುವುದು ನೆಂಟಸ್ತನವಲ್ಲ, ಲೆಕ್ಕಪತ್ರ ಇಡುವ, ಸರ್ಕಾರದೊಂದಿಗೆ ಮಾತಾಡಬಲ್ಲ ಸಂಘ. 1990ರಲ್ಲೇ ಹುಟ್ಟಿದ ತಿರುಪ್ಪೂರು ರಫ್ತುದಾರರ ಸಂಘದಂಥ ಸಂಸ್ಥೆಗಳ ತೂಕ ಇಂಥ ಹೊತ್ತಿನಲ್ಲಿ ತಿಳಿಯುತ್ತದೆ.

ಪಾಕಿಸ್ತಾನದ ಸಿಯಾಲ್‌ಕೋಟ್‌ನಲ್ಲೂ ಹೀಗೇ ಆಯಿತು. ಶಸ್ತ್ರಚಿಕಿತ್ಸೆಯ ಉಪಕರಣಗಳಿಗೆ ಹೆಸರಾದ ಆ ಊರಿನ ವ್ಯವಹಾರ ಬಹುಕಾಲ ಬಿರಾದರಿ ಎಂಬ ಕುಲಸಂಬಂಧದ ಮೇಲೆ ನಿಂತಿತ್ತು. 1994ರಲ್ಲಿ ಗುಣಮಟ್ಟದ ಕಾರಣಕ್ಕೆ ಅಮೆರಿಕ ಬಾಗಿಲು ಮುಚ್ಚಿದಾಗ ಬಿರಾದರಿಯಿಂದ ಉಪಯೋಗವಾಗಲಿಲ್ಲ. ತಯಾರಕರ ಸಂಘ ಮುಂದೆ ಬಂದು ಸರ್ಕಾರದ ಸಹಾಯದಿಂದ ಗುಣಮಟ್ಟದ ತರಬೇತಿಗೆ ಏರ್ಪಾಡು ಮಾಡಿತು.

ಸಂಘಗಳು ಕುಲದ ಗೆರೆ ದಾಟಿದರೂ ಅವು ಒಡೆಯರ ಸಂಘಗಳು. ಕೂಲಿಯಿಂದ ಒಡೆತನಕ್ಕೆ ಏರುವ ಏಣಿ ತಿರುಪ್ಪೂರಿನಲ್ಲಿ ದಲಿತರಿಗೂ ಹೆಣ್ಣುಮಕ್ಕಳಿಗೂ ಹೆಚ್ಚಾಗಿ ಸಿಗಲಿಲ್ಲ. ಇಂದು ಹೊಲಿಗೆ ಯಂತ್ರಗಳ ಮುಂದೆ ಬಿಹಾರ, ಒಡಿಶಾ, ಜಾರ್ಖಂಡ್‌ಗಳಿಂದ ಬಂದವರು ದೊಡ್ಡ ಸಂಖ್ಯೆಯಲ್ಲಿ ಕೂತಿದ್ದಾರೆ. ಅವರಿಗೂ ಅವರದೇ ಬಳಗವಿದೆ: ಮೊದಲು ಬಂದವನು ತಮ್ಮನನ್ನು ಕರೆಸುತ್ತಾನೆ, ಆ ತಮ್ಮ ತನ್ನೂರಿನ ಗೆಳೆಯನನ್ನು. ಆ ಬಳಗ ಕೆಲಸವನ್ನೂ ಮಲಗಲು ಜಾಗವನ್ನೂ ಕೊಡಿಸುತ್ತದೆ. ಶೆಡ್ಡು, ಉದ್ದರಿಯ ನೂಲು, ಕೈಸಾಲ ಕೊಡಬಲ್ಲವರು ಮಾತ್ರ ಅದರಲ್ಲಿ ವಿರಳ.