ಧೂಳಿನ ತೆರೆಯ ಹಿಂದಣ ಅನಿಲ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಬೆಟ್ಟಗಳ ಕಲ್ಲನ್ನು ಭೂವಿಜ್ಞಾನಿಗಳು ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಕರೆಯುತ್ತಾರೆ. ಕ್ಲೋಸ್‌ಪೇಟೆಯೆಂಬುದು ರಾಮನಗರದ ಹಿಂದಿನ ಹೆಸರು. ಶಿಲೆಯ ವಯಸ್ಸಾದರೋ ಸುಮಾರು ೨೫೦ ಕೋಟಿ ವರ್ಷ. ಈ ಕಲ್ಲಿನ ಮುಖ್ಯ ಖನಿಜಗಳಲ್ಲಿ ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳು ಬಿಗಿಯಾಗಿ ಬಂಧಿತವಾಗಿವೆ. ಅದೇ ಬಂಧವು ನಕ್ಷತ್ರಗಳ ನಡುವಣ ಧೂಳಿನಲ್ಲಿಯೂ ಉಂಟು. ಖನಿಜಗಳು ಬೇರೆಯಾದರೂ ಈ ಬಂಧವು ೧೦ ಮೈಕ್ರಾನಿನ ಆಸುಪಾಸಿನ ಅವಕೆಂಪು ಕಿರಣವನ್ನು ಹೀರಿಕೊಳ್ಳುತ್ತದೆ. ಗೆಲಾಕ್ಸಿಯೊಂದರ ರೋಹಿತದಲ್ಲಿ ಆ ಸ್ಥಾನದಲ್ಲಿ ಆಳವಾದ ತಗ್ಗು ಕಂಡುಬಂದರೆ, ಅದರ ಕೇಂದ್ರವನ್ನು ಶಿಲಾಧೂಳು ದಟ್ಟವಾಗಿ ಮುಚ್ಚಿದೆಯೆಂದು ತಿಳಿಯಬೇಕು.

ಅಂಥದೊಂದು ಗೆಲಾಕ್ಸಿಯ ಹೆಸರು ‘ಐ.ಆರ್.ಎ.ಎಸ್. ೦೮೫೭೨+೩೯೧೫’. ಅಕ್ಷರಗಳು ೧೯೮೩ರಲ್ಲಿ ಅವಕೆಂಪು ಕಿರಣಗಳಲ್ಲಿ ಆಕಾಶವನ್ನು ಶೋಧಿಸಿದ ಉಪಗ್ರಹವನ್ನು ಸೂಚಿಸುತ್ತವೆ. ಅಂಕಿಗಳು ಆಕಾಶದಲ್ಲಿ ಅದರ ಸ್ಥಾನವನ್ನು. ಇದು ವಸ್ತುತಃ ಒಂದರೊಡನೊಂದು ಬೆರೆಯುತ್ತಿರುವ ಎರಡು ಗೆಲಾಕ್ಸಿಗಳ ಜೋಡಿ. ಇಂದು ನಮ್ಮನ್ನು ತಲಪುವ ಅದರ ಬೆಳಕು ಸುಮಾರು ೮೦ ಕೋಟಿ ವರ್ಷಗಳ ಹಿಂದೆ ಹೊರಟದ್ದು. ಸಾವನದುರ್ಗದ ಶಿಲೆ ಆಗಲೇ ಪುರಾತನವಾಗಿತ್ತು. ಅದು ಸೂಸುವ ಶಕ್ತಿಯ ಬಹುಭಾಗ ಅವಕೆಂಪಿನಲ್ಲಿಯೇ ಇದೆ. ಈ ಶಕ್ತಿಯ ಮೂಲ ಹೊಸ ನಕ್ಷತ್ರಗಳ ಜನನವೋ, ಅನಿಲವನ್ನು ನುಂಗುತ್ತಿರುವ ಕಪ್ಪುಕುಳಿಯೋ ಎಂಬುದೇ ಪ್ರಶ್ನೆ.

ಸಾಮಾನ್ಯ ಬೆಳಕು ಧೂಳನ್ನು ದಾಟಿ ಬರಲಾರದು. ದೀರ್ಘತರಂಗದ ಅವಕೆಂಪು ಕಿರಣ ಅಷ್ಟಿಷ್ಟು ದಾಟಿ ಬರುತ್ತದೆ. ಕೇಂದ್ರದ ಬಳಿ ಕಾದ ಧೂಳು ದೀಪದಂತೆ ಹೊಳೆಯುತ್ತಿದ್ದು, ಮುಂದಿರುವ ಅನಿಲ ಆ ಹೊಳಪಿನ ಕೆಲವು ಅಂಶಗಳನ್ನು ಹೀರಿಕೊಳ್ಳುತ್ತದೆ. ಆ ಅನಿಲದಲ್ಲಿ ಜಲಜನಕದ ಅಣುಗಳೇ ಅಧಿಕ. ಆದರೆ ಅದರ ಎರಡು ಪರಮಾಣುಗಳೂ ಏಕರೂಪವಾದುದರಿಂದ ಅದರ ಗುರುತು ಅತಿ ಕ್ಷೀಣ. ಆದುದರಿಂದ ಇಂಗಾಲದ ಮಾನಾಕ್ಸೈಡನ್ನೇ ಸಾಕ್ಷಿಯನ್ನಾಗಿ ಕರೆಯಬೇಕಾಗುತ್ತದೆ. ಇದರ ಅಣು ಕಂಪಿಸುತ್ತ ತಿರುಗುತ್ತಲೂ ಇರುವುದರಿಂದ, ೪.೬೭ ಮೈಕ್ರಾನಿನ ಇಬ್ಬದಿಯಲ್ಲಿ ಬಾಚಣಿಗೆಯ ಹಲ್ಲುಗಳಂತೆ ಕಪ್ಪುಗೆರೆಗಳು ಮೂಡುತ್ತವೆ. ಅನಿಲ ತಣ್ಣಗಿದ್ದರೆ ನಡುವಣ ಕೆಲವು ಗೆರೆಗಳು ಮಾತ್ರ ಕಾಣುತ್ತವೆ. ಕಾದಷ್ಟೂ ಅಂಚಿನ ಗೆರೆಗಳು ಬಲಗೊಳ್ಳುತ್ತವೆ. ಗೆರೆಗಳು ಸ್ಥಾನದಿಂದ ಸರಿದರೆ, ಆ ಸರಿತವೇ ಅನಿಲದ ವೇಗವನ್ನು ಹೇಳುತ್ತದೆ.

ಹವಾಯಿಯ ಮೌನ ಕೇಯ ಶಿಖರದ ದೂರದರ್ಶಕಗಳಿಂದ ಈ ಗೆಲಾಕ್ಸಿಯನ್ನು ಪರೀಕ್ಷಿಸಿದ ಅಧ್ಯಯನಗಳು ೨೦೦೬ ಮತ್ತು ೨೦೧೩ರಲ್ಲಿ ಪ್ರಕಟವಾದುವು. ಕೇಂದ್ರದ ಅನಿಲ ನೂರಾರು ಕೆಲ್ವಿನ್ ಉಷ್ಣತೆಯುಳ್ಳದ್ದೆಂದೂ, ಅದರ ಒಂದು ಭಾಗ ಸೆಕೆಂಡಿಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ವೇಗದಲ್ಲಿ ನಮ್ಮ ಕಡೆಗೆ ಹೊರಚಿಮ್ಮುತ್ತಿದೆಯೆಂದೂ ತಿಳಿದುಬಂದಿತು. ಸಾಧಾರಣ ನಕ್ಷತ್ರೋತ್ಪತ್ತಿಯ ಮೋಡಗಳು ಇದಕ್ಕಿಂತ ಬಹಳ ತಣ್ಣಗಿರುತ್ತವೆ. ಇಷ್ಟು ಅನಿಲವನ್ನು ಕಿರಿದಾದ ಎಡೆಯಲ್ಲಿ ಹೀಗೆ ಕಾಯಿಸಲು ಕಪ್ಪುಕುಳಿಯ ಸುತ್ತಣ ಶಕ್ತಿಯೇ ತಕ್ಕ ಕಾರಣವೆಂಬ ವಾದಕ್ಕೆ ಇದರಿಂದ ಬಲ ಬಂದಿದೆ. ನಕ್ಷತ್ರಗಳು ಹುಟ್ಟುವುದೂ ಅಣ್ವನಿಲದಿಂದಲೇ ಆದುದರಿಂದ, ಹೊರಚಿಮ್ಮುವ ಈ ಪ್ರವಾಹದ ಮೇಲೆ ಗೆಲಾಕ್ಸಿಯ ಭವಿಷ್ಯವೂ ನಿಂತಿದೆ.

ಆದರೆ ಈ ಸಾಕ್ಷಿಗೆ ಒಂದು ಮಿತಿಯುಂಟು. ದೀಪಕ್ಕೂ ನಮಗೂ ನಡುವಣ ನೇರ ರೇಖೆಯಲ್ಲಿರುವ ಅನಿಲವನ್ನು ಮಾತ್ರ ಅದು ಬಲ್ಲದು. ಒಂದೇ ಶಾಸನದಿಂದ ರಾಜ್ಯದ ಎಲ್ಲೆಗಳನ್ನು ನಿರ್ಣಯಿಸಲಾಗದು. ಅಂತೆಯೇ ಇಲ್ಲಿಯೂ ರೇಡಿಯೋ ದೂರದರ್ಶಕಗಳ ಮತ್ತು ೨೦೨೧ರಲ್ಲಿ ಹಾರಿಸಿದ ಜೇಮ್ಸ್ ವೆಬ್ ದೂರದರ್ಶಕದ ಸಾಕ್ಷ್ಯಗಳನ್ನು ಕೂಡಿಸಿ ನೋಡಿಯೇ ತೀರ್ಮಾನಕ್ಕೆ ಬರತಕ್ಕದ್ದು.