ಮನೆಯ ಮಾಳಿಗೆಯೂ ಸೂರ್ಯಶಕ್ತಿಯೂ

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಜನರಿಗೆ ಬಿಸಿಲಿನ ಪರಿಚಯವನ್ನು ಯಾರೂ ಮಾಡಿಕೊಡಬೇಕಾಗಿಲ್ಲ. ಬೇಸಿಗೆಯಲ್ಲಿ 40 ಅಂಶಗಳನ್ನು ಮೀರುವ ಉಷ್ಣಮಾನವು ಇಲ್ಲಿ ಸುದ್ದಿಯೇ ಅಲ್ಲ. ನಮ್ಮ ತೊಗರಿಯನ್ನೂ ಜೋಳವನ್ನೂ ಒಣಗಿಸುವ ಈ ಬಿಸಿಲೇ ಮನೆಯ ದೀಪವನ್ನೂ ಉರಿಸಬಲ್ಲದೆಂಬುದು ಈಗ ಪ್ರಯೋಗಶಾಲೆಯ ಮಾತಾಗಿ ಉಳಿದಿಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟ್ ಶಕ್ತಿಯ ಸೌರ ಉದ್ಯಾನವೇ ನಿಂತಿದೆ. ಬಡವರ ಮನೆಗಳಿಗೆ ಸೌರದೀಪವನ್ನು ಒಯ್ಯಲೆಂದು 1995ರಲ್ಲಿ ಸೆಲ್ಕೋ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರಾದ ಕನ್ನಡಿಗ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿಯೂ ಸಂದಿತು.

1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗಳಿಗೆ ಹರಿಯಿತು. ನಿಜಾಮನ ಆಳ್ವಿಕೆಯಲ್ಲಿದ್ದು 1948ರಲ್ಲಿ ಬಿಡುಗಡೆ ಹೊಂದಿದ ನಮ್ಮ ಪ್ರಾಂತಕ್ಕೆ ಆ ಬೆಳಕು ತಲುಪಿದುದು ಬಹುಕಾಲದ ತರುವಾಯ. ಈ ಸಾರಿಯೂ ನಾವು ಹಿಂದುಳಿಯತಕ್ಕದ್ದಲ್ಲ. ಆದರೆ ಮುಂದುವರಿಯುವ ಆತುರದಲ್ಲಿ ದುಡ್ಡು ಕಳೆದುಕೊಳ್ಳುವುದೂ ವಿವೇಕವಲ್ಲ.

ಮೊದಲಾಗಿ ಮನೆಯ ವಿದ್ಯುತ್ ಬಿಲ್ಲನ್ನು ತೆಗೆದು ನೋಡಬೇಕು. ರಾಜ್ಯ ಸರಕಾರವು 2023ರಲ್ಲಿ ಆರಂಭಿಸಿದ ಗೃಹಜ್ಯೋತಿ ಯೋಜನೆಯಿಂದ ಮಿತವಾಗಿ ಬಳಸುವ ಅನೇಕ ಮನೆಗಳಿಗೆ ಬಿಲ್ಲೇ ಇಲ್ಲ. ಅಂಥವರು ಸಾಲಮಾಡಿ ಫಲಕಗಳನ್ನು ಕೊಳ್ಳುವ ಅವಸರವೇನೂ ಇಲ್ಲವೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ತಿಂಗಳಿಗೆ 200 ಯೂನಿಟ್ಟುಗಳನ್ನು ಮೀರಿ ಪೂರ್ಣ ಬಿಲ್ಲು ತೆರುವ ನೌಕರರೂ ವರ್ತಕರೂ ಇದನ್ನು ಆಲೋಚಿಸತಕ್ಕವರು.

ಲೆಕ್ಕವು ಸರಳವಾದುದು. ಒಂದು ಕಿಲೋವ್ಯಾಟ್ ಫಲಕಗಳಿಗೆ ನೆರಳಿಲ್ಲದ ಸುಮಾರು 100 ಚದರ ಅಡಿ ಸ್ಥಳ ಬೇಕು. ದಿನಕ್ಕೆ ಸರಾಸರಿ 4 ಯೂನಿಟ್ ಹುಟ್ಟುತ್ತದೆ. ಮಳೆಗಾಲದಲ್ಲಿ ಇದು ಕಡಮೆಯಾಗುವುದು. ಕೇಂದ್ರ ಸರಕಾರವು 2024ರಲ್ಲಿ ಆರಂಭಿಸಿದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯು ಮೊದಲ ಎರಡು ಕಿಲೋವ್ಯಾಟುಗಳಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ, ಒಟ್ಟು 78,000 ರೂಪಾಯಿಗೆ ಮೀರದಂತೆ ಸಹಾಯಧನವನ್ನು ಗೊತ್ತುಮಾಡಿತು. ಫಲಕಗಳು ಸ್ವದೇಶದಲ್ಲಿ ತಯಾರಾದವಾಗಿರಬೇಕೆಂಬುದು ಅದರ ನಿಬಂಧನೆ. ಇದು ನಮಗೆ ಸಂತೋಷದ ಸಂಗತಿ. ಸಹಾಯಧನವು ಕೆಲಸ ಮುಗಿದ ಮೇಲೆ ಯಜಮಾನರ ಬ್ಯಾಂಕ್ ಖಾತೆಗೇ ಬರುವುದರಿಂದ, ಅದನ್ನು ಕೊಡಿಸುವೆನೆಂದು ಮುಂಗಡ ಕೇಳುವ ದಲಾಲರನ್ನು ಬಾಗಿಲಿನಿಂದಲೇ ಕಳುಹಿಸತಕ್ಕದ್ದು.

ಇನ್ನೊಂದು ಮಾತನ್ನು ಮಾರುವವರು ಅನೇಕ ವೇಳೆ ಹೇಳುವುದಿಲ್ಲ. ಬ್ಯಾಟರಿಯಿಲ್ಲದೆ ಸರಕಾರಿ ತಂತಿಗೆ ಜೋಡಿಸಿದ ಸೌರಯಂತ್ರವು ತಂತಿಯಲ್ಲಿ ವಿದ್ಯುತ್ತು ನಿಂತ ಕೂಡಲೇ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸಮಾಡುವ ನೌಕರನ ಪ್ರಾಣರಕ್ಷಣೆಗಾಗಿ ಈ ಏರ್ಪಾಡು. ಆದುದರಿಂದ ಇದು ಬಿಲ್ಲನ್ನು ಇಳಿಸಬಲ್ಲುದೇ ಹೊರತು, ವಿದ್ಯುತ್ತು ಹೋದ ರಾತ್ರಿ ಪಂಖವನ್ನು ತಿರುಗಿಸಲಾರದು. ಅದಕ್ಕೆ ಬ್ಯಾಟರಿ ಬೇಕು. ಅದರ ಖರ್ಚು ಬೇರೆ.

ತಂತಿ ತಲುಪದ ಹೊಲದ ಮನೆಯ ರೈತನು ಬ್ಯಾಟರಿಯಿಂದಲೇ ಆರಂಭಿಸಬೇಕು. ಒಂಬತ್ತು ವ್ಯಾಟಿನ ನಾಲ್ಕು ದೀಪಗಳು ಐದು ತಾಸು, ಮೂವತ್ತು ವ್ಯಾಟಿನ ಎರಡು ಹೊಸಬಗೆಯ ಪಂಖಗಳು ಹತ್ತು ತಾಸು ನಡೆದರೂ ದಿನಕ್ಕೆ ಒಂದು ಯೂನಿಟ್ಟಿಗೂ ಕಡಮೆಯೇ ಆಗುವುದು. ಇದಕ್ಕೆ 300 ವ್ಯಾಟಿನ ಫಲಕವೂ 150 ಆಂಪಿಯರ್ ತಾಸಿನ 12 ವೋಲ್ಟಿನ ಬ್ಯಾಟರಿಯೂ ಸಾಕು. ಹಳೆಯ 75 ವ್ಯಾಟಿನ ಪಂಖಗಳನ್ನೇ ಇಟ್ಟುಕೊಂಡರೆ ಬೇಡಿಕೆ ಹೆಚ್ಚುಕಡಮೆ ಇಮ್ಮಡಿಯಾಗುವುದು. ಉಳಿತಾಯವೇ ಇಲ್ಲಿ ಮೊದಲ ಪಾಠ. ಬ್ಯಾಟರಿಗೆ ಭಟ್ಟಿಯಿಳಿಸಿದ ನೀರನ್ನೇ ಹಾಕತಕ್ಕದ್ದು. ಬಾವಿಯ ನೀರು ಅದನ್ನು ಕೆಡಿಸುತ್ತದೆ.

ನಮ್ಮ ಸೀಮೆಗೆ ವಿಶೇಷವಾದ ಎಚ್ಚರಿಕೆಗಳೂ ಉಂಟು. ಫಲಕಕ್ಕೆ ಬೆಳಕು ಬೇಕೇ ಹೊರತು ಕಾವು ಬೇಡ. ಕಾದಷ್ಟೂ ಅದರ ಶಕ್ತಿ ಕುಗ್ಗುವುದರಿಂದ ಕೆಳಗೆ ಗಾಳಿಯಾಡುವಷ್ಟು ಅಂತರ ಬಿಡಬೇಕು. ದಕ್ಷಿಣಕ್ಕೆ ಮುಖಮಾಡಿ ಸುಮಾರು 17 ಅಂಶ ಓರೆಯಾಗಿ ನಿಲ್ಲಿಸಬೇಕು. ಧೂಳನ್ನು ಬೆಳಗಿನ ತಂಪಿನಲ್ಲಿ ತೊಳೆಯಬೇಕು, ಕಾದ ಗಾಜಿಗೆ ನೀರೆರೆಯಬಾರದು. ಹಳೆಯ ಮಣ್ಣಿನ ಮಾಳಿಗೆಯ ಬಲವನ್ನು ಬಲ್ಲವರಿಂದ ಪರೀಕ್ಷಿಸದೆ ಅದರ ಮೇಲೆ ಭಾರವನ್ನು ಹೊರಿಸುವುದು ಅಪಾಯಕರ.

ಅಧಿಕಾರಿಗಳಲ್ಲಿ ನಮ್ಮದೊಂದು ಬಿನ್ನಹವಿದೆ. ಅರ್ಜಿ ಹಾಕಿದವನ ಮನೆಗೆ ಎರಡೂ ಕಡೆಯ ವಿದ್ಯುತ್ತನ್ನು ಅಳೆಯುವ ಮೀಟರು ಬರುವುದು ತಡವಾದರೆ, ಅವನು ಹೂಡಿದ ಹಣವು ಮಾಳಿಗೆಯ ಮೇಲೆ ವ್ಯರ್ಥವಾಗಿ ಒಣಗುವುದು. ಇಂತಿಷ್ಟು ದಿನಗಳಲ್ಲಿ ಮೀಟರು ಕೂಡಿಸುವೆವೆಂದು ಜೆಸ್ಕಾಂ ಸಂಸ್ಥೆಯು ಮೂರೂ ತಾಲೂಕುಗಳ ಕಛೇರಿಗಳಲ್ಲಿ ಬರೆದು ಹಾಕಲಿ, ಹಾಗೆಯೇ ನಡೆದುಕೊಳ್ಳಲಿ. ಹಾಗಾದರೆ ಜನರು ತಾವಾಗಿಯೇ ಮುಂದೆ ಬರುವರೆಂಬ ನಂಬಿಕೆ ನಮಗಿದೆ.