ನಾಯಿಮರಿಗೆ ಪಾಠ: ಮನೆಮಂದಿಗೆಲ್ಲ ಒಂದೇ ಮಾತಿರಲಿ

ಕಾಸರಗೋಡಿನ ನಮ್ಮ ಮನೆಗಳಂಗಳದಲ್ಲಿ ಮೂರು ನಾಲ್ಕು ಭಾಷೆಗಳು ಒಟ್ಟಿಗೇ ಓಡಾಡುತ್ತವೆ. ಹೊಸದಾಗಿ ಬಂದ ನಾಯಿಮರಿಯನ್ನು ಅಜ್ಜಿ ತುಳುವಿನಲ್ಲಿ ‘ಬಲ’ ಎಂದು ಕರೆದರೆ, ನೆರೆಮನೆಯ ಮಕ್ಕಳು ಮಲಯಾಳದಲ್ಲಿ ‘ವಾ’ ಎನ್ನುತ್ತಾರೆ. ಅಣ್ಣನದು ‘ಕಮ್’, ತಂಗಿಯದು ‘ಬಾ’. ಮರಿ ದಿಕ್ಕು ತೋಚದೆ ನಿಂತಲ್ಲೇ ನಿಲ್ಲುತ್ತದೆ. ‘ಇದಕ್ಕೆ ಬುದ್ಧಿಯಿಲ್ಲ’ ಎಂದು ನಾವು ತೀರ್ಮಾನಿಸುತ್ತೇವೆ. ದೋಷ ಮರಿಯದಲ್ಲ, ನಮ್ಮದು.

ನಾಯಿ ಮೊದಲು ಗುರುತಿಸುವುದು ಪದದ ಅರ್ಥವನ್ನಲ್ಲ, ಧ್ವನಿಯನ್ನು. ಆ ಧ್ವನಿಯ ಬೆನ್ನಿಗೆ ಏನು ದೊರೆಯಿತೆಂಬುದನ್ನು ಅದು ನೆನಪಿಡುತ್ತದೆ. ಆದ್ದರಿಂದ ನಾಯಿಗೆ ಇಂಗ್ಲಿಷ್ ಮಾತ್ರ ತಿಳಿಯುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಬಾ, ಕೂರು, ನಿಲ್ಲು, ಬಿಡು ಎಂಬ ನಾಲ್ಕು ಕನ್ನಡ ಪದಗಳೇ ಆರಂಭಕ್ಕೆ ಸಾಕು. ಮನೆಯವರೆಲ್ಲರೂ ಅವನ್ನೇ ಬಳಸಬೇಕು, ಅಷ್ಟೆ.

‘ಕೂರು’ ಕಲಿಸುವುದು ಸುಲಭ. ಬೇಯಿಸಿದ ಮೊಟ್ಟೆಯ ಚಿಕ್ಕ ಚೂರನ್ನು ಮರಿಯ ಮೂಗಿನ ಬಳಿ ಹಿಡಿದು, ನಿಧಾನವಾಗಿ ತಲೆಯ ಮೇಲಿನಿಂದ ಹಿಂದಕ್ಕೆ ಒಯ್ಯಿರಿ. ಮುಖ ಮೇಲೆತ್ತಿದಾಗ ಹಿಂಭಾಗ ತಾನಾಗಿ ನೆಲಕ್ಕೆ ತಾಗುತ್ತದೆ. ಆ ಕ್ಷಣದಲ್ಲೇ ‘ಕೂರು’ ಎಂದು ಹೇಳಿ ತಿನಿಸು ಕೊಡಿ. ತಡವಾಗಿ ಕೊಟ್ಟರೆ ಯಾವುದಕ್ಕೆ ಬಹುಮಾನವೆಂದು ಅದಕ್ಕೆ ತಿಳಿಯದು. ದಿನಕ್ಕೆ ಎರಡು ಮೂರು ಬಾರಿ, ಪ್ರತಿ ಬಾರಿ 5 ನಿಮಿಷ ಸಾಕು.

ನಿದ್ದೆಯಿಂದ ಎದ್ದೊಡನೆ, ಉಂಡ ಬಳಿಕ, ಆಟ ಮುಗಿದ ಮೇಲೆ ಮರಿಯನ್ನು ಹಿತ್ತಲಿನ ಒಂದೇ ಜಾಗಕ್ಕೆ ಕರೆದೊಯ್ಯಿರಿ. ಮೂತ್ರ ವಿಸರ್ಜನೆಗೆ ಅದೇ ಸ್ಥಳವೆಂದು ಅದು ಕ್ರಮೇಣ ಅರಿಯುತ್ತದೆ. ಸುಮಾರು 4 ತಿಂಗಳಿನಿಂದ ಹಾಲುಹಲ್ಲು ಬೀಳತೊಡಗುವುದರಿಂದ ಮರಿ ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ಕೈಗೆ ಬಾಯಿ ಹಾಕಿದಾಗ ಆಟ ನಿಲ್ಲಿಸಿ ಮುಖ ತಿರುಗಿಸಿ. ಕಚ್ಚಲು ಗಂಟು ಹಾಕಿದ ಹಳೆಯ ಬಟ್ಟೆ ಕೊಡಿ.

ಹೊಡೆಯುವುದು ಮಾತ್ರ ಬೇಡ. ಪೆಟ್ಟು ಪಾಠವನ್ನು ಕಲಿಸದು, ಭಯವನ್ನು ಕಲಿಸುತ್ತದೆ. ಹೆದರಿದ ನಾಯಿಯೇ ಮುಂದೆ ಕಚ್ಚುತ್ತದೆ. ಹೆಚ್ಚಾಗಿ ಅದಕ್ಕೆ ಗುರಿಯಾಗುವವರು ಮಕ್ಕಳು. ಉಣ್ಣುತ್ತಿರುವ, ಮಲಗಿರುವ ನಾಯಿಯನ್ನು ಮುಟ್ಟಬಾರದೆಂದು ಮಕ್ಕಳಿಗೂ ಕಲಿಸಬೇಕು.

3 ತಿಂಗಳಾಗುತ್ತಲೇ ಮರಿಗೆ ರೇಬಿಸ್ ಲಸಿಕೆ ಹಾಕಿಸಿ, ಮುಂದಿನ ಲಸಿಕೆಗಳ ದಿನಾಂಕವನ್ನು ಪಶುವೈದ್ಯರಿಂದಲೇ ಬರೆಸಿಕೊಳ್ಳಿ. ಮನೆಯ ಮರಿಯೇ ಕಚ್ಚಿದರೂ ಪರಚಿದರೂ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ರೇಬಿಸ್‌ನ ಲಕ್ಷಣಗಳು ತೋರಿದ ಮೇಲೆ ಬದುಕುಳಿಯುವುದು ತೀರಾ ವಿರಳ.

ಬೈಗುಳಕ್ಕೆ ಅಂಜಿ ಗಾಯವನ್ನು ಬಚ್ಚಿಡುವ ಮಕ್ಕಳಿದ್ದಾರೆ. ‘ನಾಯಿ ಕಚ್ಚಿತು’ ಎಂದು ಮಗು ಹೇಳಿದಾಗ ಮೊದಲು ಗದರಬೇಡಿ, ನೀರಿನ ನಲ್ಲಿಯ ಬಳಿಗೆ ಕರೆದೊಯ್ಯಿರಿ. ಮರಿಗಾಗಲಿ ಮಗುವಿಗಾಗಲಿ, ಕರೆದಾಗ ಹತ್ತಿರ ಬರುವ ಧೈರ್ಯ ಹುಟ್ಟುವುದು ಹೊಡೆಯದ ಮನೆಯಲ್ಲಿ.